ಮೆನುವಿನ ಬಣ್ಣ ಆಮೇಲೆ, ಮೊದಲು ಸಾಲು ಸರಿಮಾಡು

ತಮ್ಮಾ,

ನೀನು ಕಳಿಸಿದ ಹಾಲಿನ ಸಂಘದ ಆ್ಯಪ್ ಹಾಕಿಕೊಂಡು ನೋಡಿದೆ. ಕೆಲಸ ಅಚ್ಚುಕಟ್ಟಾಗಿದೆ, ಎಲ್ಲೂ ಕ್ರ್ಯಾಶ್ ಆಗಲಿಲ್ಲ. ಆದರೆ ನಿನ್ನ ಪ್ರಶ್ನೆಗಳು ನನಗೆ ಹಿಡಿಸಲಿಲ್ಲ. ಎಡಗಡೆಯಿಂದ ಜಾರಿ ಬರುವ ಡ್ರಾವರ್ ಮೆನುವಿಗೆ ಗ್ರೇಡಿಯಂಟ್ ಬಣ್ಣ ಹಾಕುವುದು ಹೇಗೆ, ಮೂಲೆ ಗುಂಡಗೆ ಮಾಡುವುದು ಹೇಗೆ, ಮೇಲಿನ ಹೆಡರ್‌ನಲ್ಲಿ ಹಸುವಿನ ಫೋಟೊ ಕೂರಿಸುವುದು ಹೇಗೆ ಎಂದು ಕೇಳಿದ್ದೀಯ. ಮೂರಕ್ಕೂ ಉತ್ತರ ಹೇಳುತ್ತೇನೆ, ಅವೇನು ದೊಡ್ಡ ವಿದ್ಯೆಯಲ್ಲ. ನೀನು ಕೇಳಬೇಕಾಗಿದ್ದದ್ದು ಬೇರೆ: ಆ ಮೆನುವಿನಲ್ಲಿ ಹದಿನಾಲ್ಕು ಸಾಲು ಯಾಕಿವೆ, ಬಟವಾಡೆ ಯಾಕೆ ಒಂಬತ್ತನೆಯ ಸಾಲಿನಲ್ಲಿ ಹೋಗಿ ಕೂತಿದೆ?

ಲೆಕ್ಕ ಹಾಕಿ ನೋಡು. ಆಂಡ್ರಾಯ್ಡ್ ಸ್ಟುಡಿಯೊ ಕೊಡುವ ಟೆಂಪ್ಲೇಟ್‌ನಲ್ಲಿ ಹೆಡರ್‌ನ ಎತ್ತರ 176 ಡಿಪಿ. ಕಡಿಮೆ ಬೆಲೆಯ ಎಷ್ಟೋ ಫೋನಿನ ಪರದೆ ಉದ್ದಕ್ಕೆ 640 ಡಿಪಿ ಬರುತ್ತದೆ. ಅಂದರೆ ಕಾಲು ಭಾಗಕ್ಕಿಂತ ಹೆಚ್ಚನ್ನು ನಿನ್ನ ಹಸುವೇ ತಿಂದುಹಾಕಿತು. ಉಳಿದದ್ದರಲ್ಲಿ ಸಾಲೊಂದಕ್ಕೆ 48 ಡಿಪಿ ಎಂದು ಹಿಡಿದರೆ ಒಂಬತ್ತು ಸಾಲು ಹಾಗೂ ಹೀಗೂ ಹಿಡಿಯುತ್ತವೆ. ನಡುವೆ ಹಾಕಿದ ಗೆರೆಗಳ ಜಾಗ, ಕೆಳಗೆ ಸಿಸ್ಟಂ ಬಟನ್‌ಗಳ ಪಟ್ಟಿಯ ಜಾಗ ಕಳೆದರೆ ಒಂಬತ್ತನೆಯದು ಅರ್ಧ ಕಂಡು ಅರ್ಧ ಕಾಣುವುದಿಲ್ಲ. ಸಂಘಕ್ಕೆ ಬೆಳಿಗ್ಗೆ ಸಂಜೆ ಹಾಲು ಹಾಕುವವರು ಈ ಆ್ಯಪ್ ತೆರೆಯುವುದೇ ಎರಡು ಕಾರಣಕ್ಕೆ. ಇವತ್ತು ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಎಷ್ಟು ಬಂತು ಎನ್ನುವುದು ಒಂದು. ಬಟವಾಡೆ ಯಾವಾಗ, ಕೈಗೆ ಎಷ್ಟು ಬರುತ್ತದೆ ಎನ್ನುವುದು ಇನ್ನೊಂದು. ಆ ಎರಡನೆಯದನ್ನೇ ನೀನು ಪರದೆಯ ಅಂಚಿಗೆ ತಳ್ಳಿದ್ದೀಯ. ‘ನಮ್ಮ ಬಗ್ಗೆ’ ಎನ್ನುವುದು ಎರಡನೆಯ ಸಾಲಿನಲ್ಲಿ ಆರಾಮವಾಗಿ ಕೂತಿದೆ. ಬಟವಾಡೆ ದಿನ ‘ನಮ್ಮ ಬಗ್ಗೆ’ ಯಾರಿಗೆ ಬೇಕು?

ಮೆನು ತೆರೆಯುವ ಮೂರು ಅಡ್ಡಗೆರೆಯ ಆ ಗುರುತು ನಿನಗಿಂತ ಬಹಳ ಹಳೆಯದು. 1981ರಲ್ಲಿ ಬಂದ ಜೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಎಂಬ ವಿನ್ಯಾಸಕಾರರು ರೂಪಿಸಿದ್ದು ಅದು. ಆಮೇಲೆ ಎಷ್ಟೋ ವರ್ಷ ಯಾರೂ ಅದರ ಸುದ್ದಿಗೆ ಹೋಗಲಿಲ್ಲ. ಪರದೆ ಅಂಗೈಯಷ್ಟಾದಾಗ ಮತ್ತೆ ನೆನಪಾಯಿತು. ಶುರುವಿನಲ್ಲಿ ಒಬ್ಬೊಬ್ಬರೂ ತಮಗೆ ತೋಚಿದಂತೆ ಡ್ರಾವರ್ ಕಟ್ಟಿಕೊಳ್ಳುತ್ತಿದ್ದರು. 2013ರಲ್ಲಿ ಗೂಗಲ್ ತನ್ನ ಸಪೋರ್ಟ್ ಲೈಬ್ರರಿಗೆ ಡ್ರಾವರ್ ಲೇಔಟ್ ಸೇರಿಸಿತು, 2015ರಲ್ಲಿ ಅದರೊಳಗೆ ಕೂರಿಸಲು ಸಿದ್ಧ ನ್ಯಾವಿಗೇಷನ್ ವ್ಯೂ ಕೊಟ್ಟಿತು. ತಮಾಷೆ ಎಂದರೆ, ಆಂಡ್ರಾಯ್ಡ್‌ಗೆ ಡ್ರಾವರ್ ಬಂದ 2013ರಲ್ಲೇ ಫೇಸ್‌ಬುಕ್ ತನ್ನ ಐಫೋನ್ ಆ್ಯಪ್‌ನಿಂದ ಅದನ್ನು ತೆಗೆದು ಕೆಳಪಟ್ಟಿಗೆ ಹೋಯಿತು. 2016ರಲ್ಲಿ ನೀಲ್ಸನ್ ನಾರ್ಮನ್ ಗ್ರೂಪ್ ಜನರನ್ನು ಕೂರಿಸಿ ಪರೀಕ್ಷೆ ಮಾಡಿ, ಮೆನು ಅಡಗಿಸಿಟ್ಟರೆ ಅದರೊಳಗಿನದು ಜನರ ಕಣ್ಣಿಗೆ ಬೀಳುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂದು ಹೇಳಿತು. 2025ರ ಮಟೀರಿಯಲ್ 3 ಎಕ್ಸ್‌ಪ್ರೆಸಿವ್‌ನಲ್ಲಂತೂ ಗೂಗಲ್ಲೇ, ಡ್ರಾವರ್ ಬದಲು ಅಗಲಿಸಬಲ್ಲ ನ್ಯಾವಿಗೇಷನ್ ರೈಲ್ ಬಳಸಿ ಎನ್ನತೊಡಗಿತು.

ಹಾಗೆಂದು ಡ್ರಾವರ್ ಕಿತ್ತುಹಾಕು ಎಂದು ಹೇಳುತ್ತಿಲ್ಲ. ಜಿಮೇಲ್‌ನಂಥ, ಫೋಲ್ಡರ್ ಮೇಲೆ ಫೋಲ್ಡರ್ ಇರುವ ಆ್ಯಪ್‌ಗೆ ಅದು ಚೆನ್ನಾಗಿಯೇ ಹೊಂದುತ್ತದೆ. ನಾನು ಹೇಳುವುದು ಇಷ್ಟು: ಡ್ರಾವರ್ ಎಂದರೆ ಮನೆಯ ಅಟ್ಟ. ಆಗೊಮ್ಮೆ ಈಗೊಮ್ಮೆ ಬೇಕಾಗುವುದನ್ನು ಅಲ್ಲಿಡು, ದಿನಕ್ಕೆರಡು ಸಲ ಬೇಕಾಗುವುದನ್ನು ಅಲ್ಲಿಡಬೇಡ. ಇವತ್ತಿನ ಹಾಲು, ಬಟವಾಡೆ, ಪಶು ಆಹಾರ, ಸುತ್ತೋಲೆ ಈ ನಾಲ್ಕನ್ನು ಪರದೆಯ ಕೆಳಪಟ್ಟಿಗೆ ತಾ. ಕೆಳಪಟ್ಟಿಗೆ ಮೂರರಿಂದ ಐದು ಎನ್ನುವುದು ಮಟೀರಿಯಲ್ ವಿನ್ಯಾಸದವರ ಲೆಕ್ಕ, ನಿನ್ನ ನಾಲ್ಕು ಅದಕ್ಕೆ ಸರಿಯಾಗಿಯೇ ಹೊಂದುತ್ತವೆ. ಉಳಿದ ಹತ್ತರಲ್ಲಿ ‘ನಮ್ಮ ಬಗ್ಗೆ’, ‘ನಿಯಮಗಳು’, ‘ರೇಟಿಂಗ್ ಕೊಡಿ’, ‘ಶೇರ್ ಮಾಡಿ’ ನಾಲ್ಕನ್ನೂ ಸೆಟ್ಟಿಂಗ್ಸ್ ಒಳಗೆ ಸೇರಿಸು. ಆರು ಉಳಿದವು. ಈಗ ಅವುಗಳ ಸಾಲು ಹೇಗಿರಬೇಕು ಎಂದು ಯೋಚಿಸಿದರೆ ಅರ್ಥವಿದೆ.

ಸಾಲು ಹಾಕುವಾಗ ಕೈತಪ್ಪಿ ಒತ್ತಿದರೆ ನಷ್ಟವಾಗುವುದನ್ನು ಒಂಟಿಯಾಗಿಡು. ನಿನ್ನ ಮೆನುವಿನಲ್ಲಿ ಪಶು ವೈದ್ಯರ ಸಾಲಿಗೆ ತಾಗಿಕೊಂಡೇ ‘ಲಾಗ್‌ಔಟ್’ ಇದೆ. ಕರು ಹಾಕುವ ಹೊತ್ತಿನಲ್ಲಿ ಗಾಬರಿಯಾಗಿ ಡಾಕ್ಟರ ನಂಬರ್ ಹುಡುಕುವವರ ಬೆರಳು ಒಂದು ಗೆರೆ ಕೆಳಗೆ ಬಿದ್ದರೆ, ಅವರು ಮತ್ತೆ ಓಟಿಪಿ ಕಾಯುತ್ತ ಕೂರಬೇಕು. ಲಾಗ್‌ಔಟ್ ಅನ್ನು ಕೊನೆಗೆ, ಬೇರೆಯದೇ ಗುಂಪಿನಲ್ಲಿ ಹಾಕು.

ಗುಂಪು ಎಂದಾಗ ನೆನಪಾಯಿತು. ಗೆರೆ ಬರುತ್ತಿಲ್ಲ ಎಂದು ನೀನು ಒಂದು ಖಾಲಿ ಐಟಂ ಮಾಡಿ, ಅದರ ಹೆಸರಿನ ಜಾಗದಲ್ಲಿ ಅಡ್ಡಗೀಟುಗಳನ್ನು ಟೈಪ್ ಮಾಡಿಟ್ಟಿರುವುದನ್ನು ನೋಡಿದೆ. ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡ ಕುರುಡರಿಗೆ ಅದೂ ಒಂದು ಮೆನು ಸಾಲೇ. ಮೆನುವಿನ ಎಕ್ಸ್‌ಎಂಎಲ್‌ನಲ್ಲಿ ಪ್ರತಿ ಗ್ರೂಪ್‌ಗೂ ಬೇರೆ ಬೇರೆ ಐಡಿ ಕೊಡು, ಗೆರೆ ತಾನಾಗಿ ಬರುತ್ತದೆ. ಐಡಿ ಇಲ್ಲದ ಗ್ರೂಪ್‌ಗಳನ್ನೆಲ್ಲ ನ್ಯಾವಿಗೇಷನ್ ವ್ಯೂ ಒಂದೇ ಗುಂಪೆಂದು ಎಣಿಸುತ್ತದೆ, ಅದಕ್ಕೇ ನಿನಗೆ ಗೆರೆ ಕಾಣದೆ ಹೋದದ್ದು. ಒಂದು ಗುಂಪಿನಲ್ಲಿ ಒಂದು ಸಾಲಿಗೆ ಐಕಾನ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಇಲ್ಲದ ಕಡೆ ಅಷ್ಟೇ ಜಾಗ ಖಾಲಿ ಬಿಟ್ಟು ಅಕ್ಷರಗಳನ್ನು ಒಂದೇ ನೇರಕ್ಕೆ ತರುವುದೂ ಅದರದೇ ಕೆಲಸ. ಸಿದ್ಧ ವಸ್ತು ತಾನಾಗಿ ಏನೇನು ಮಾಡುತ್ತದೆ ಎಂದು ತಿಳಿಯದೆ ಅದರ ಮೇಲೆ ಕೈಯಾಡಿಸಲು ಹೋದರೆ, ಮಾಡಿದ್ದನ್ನೇ ಮತ್ತೆ ಮಾಡುತ್ತಿರುತ್ತೀಯ.

ಎಲ್ಲ ಹುಡುಗರೂ ಮುಗ್ಗರಿಸುವ ಎರಡು ಜಾಗಗಳಿವೆ. ಮೊದಲನೆಯದು ಐಕಾನ್ ಬಣ್ಣ. ಬಣ್ಣಬಣ್ಣದ ಐಕಾನ್ ತಂದು ಹಾಕುತ್ತಾರೆ, ಮೆನುವಿನಲ್ಲಿ ಎಲ್ಲವೂ ಬೂದು ಬಣ್ಣದ ಮುದ್ದೆಯಾಗಿ ಕಾಣುತ್ತವೆ. ಫೈಲ್ ಕೆಟ್ಟಿದೆ ಎಂದುಕೊಂಡು ರಾತ್ರಿಯೆಲ್ಲ ಐಕಾನ್ ಬದಲಿಸುತ್ತಾರೆ. ಕೆಟ್ಟಿದ್ದು ಏನೂ ಇಲ್ಲ. ನ್ಯಾವಿಗೇಷನ್ ವ್ಯೂ ಎಲ್ಲ ಐಕಾನ್‌ಗಳ ಮೇಲೂ ಒಂದೇ ಟಿಂಟ್ ಬಳಿಯುತ್ತದೆ. ಕೋಡ್‌ನಲ್ಲಿ ಐಟಂ ಐಕಾನ್ ಟಿಂಟ್ ಲಿಸ್ಟ್ ಅನ್ನು ನಲ್ ಮಾಡಿದರೆ ಮೂಲ ಬಣ್ಣ ಬಂತು. ಆದರೆ ನನ್ನನ್ನು ಕೇಳಿದರೆ ಒಂದೇ ಬಣ್ಣದ ಐಕಾನ್‌ಗಳೇ ವಾಸಿ. ಆರು ಐಕಾನ್ ಆರು ಬಣ್ಣದಲ್ಲಿ ಕೂಗಿದರೆ ಈಗ ಯಾವ ಪುಟದಲ್ಲಿದ್ದೇನೆ ಎಂದು ತಿಳಿಯುವುದು ಹೇಗೆ? ಆಯ್ದ ಸಾಲಿಗೊಂದು ಬಣ್ಣ, ಉಳಿದವಕ್ಕೆ ಒಂದು ಬಣ್ಣ, ಅಷ್ಟು ಸಾಕು. ಅದಕ್ಕೆ ಕಲರ್ ಸ್ಟೇಟ್ ಲಿಸ್ಟ್ ಬರೆಯಬೇಕು. ಬರೆಯುವಾಗ ಚೆಕ್ಡ್ ಇರುವ ಸಾಲು ಮೊದಲು, ಸಾಮಾನ್ಯ ಬಣ್ಣ ಕೊನೆಗೆ. ಆಂಡ್ರಾಯ್ಡ್ ಮೇಲಿನಿಂದ ಓದುತ್ತ ಬಂದು ಹೊಂದಿದ ಮೊದಲ ಬಣ್ಣವನ್ನೇ ಹಿಡಿಯುತ್ತದೆ. ಸಾಮಾನ್ಯ ಬಣ್ಣ ಮೇಲಿದ್ದರೆ ಆಯ್ದ ಸಾಲಿಗೆ ಬಣ್ಣ ಬರುವುದೇ ಇಲ್ಲ.

ಎರಡನೆಯದು ಹೆಡರ್. ಲಾಗಿನ್ ಆದವರ ಹೆಸರು ಹಾಕಲು ಹೋಗಿ ಫೈಂಡ್ ವ್ಯೂ ಬೈ ಐಡಿ ಎಂದು ಕರೆಯುತ್ತಾರೆ, ನಲ್ ಪಾಯಿಂಟರ್ ಎಕ್ಸೆಪ್ಷನ್ ಬಂದು ಆ್ಯಪ್ ಮಲಗುತ್ತದೆ. ಮೆನುವಿನ ಒಳಗೆ ಇರುವುದು ಒಂದು ರಿಸೈಕ್ಲರ್ ವ್ಯೂ, ಹೆಡರ್ ಅದರ ಒಂದು ಸಾಲು. ಆ್ಯಕ್ಟಿವಿಟಿ ಹುಟ್ಟುವ ಹೊತ್ತಿಗೆ ಅದು ವ್ಯೂಗಳ ಮರಕ್ಕೆ ಇನ್ನೂ ಸೇರಿರುವುದಿಲ್ಲ. ಮೊದಲು ನ್ಯಾವಿಗೇಷನ್ ವ್ಯೂನಿಂದ ಸೊನ್ನೆಯನೆಯ ಹೆಡರ್ ವ್ಯೂ ಕೇಳಿ ಪಡೆ, ಆಮೇಲೆ ಅದರೊಳಗೆ ಹುಡುಕು. ಇನ್ನು ಆ ಹೆಡರ್‌ನಲ್ಲಿ ಏನಿರಬೇಕು ಎನ್ನುವುದು. ಟೆಂಪ್ಲೇಟ್‌ನಲ್ಲಿ ‘ಆಂಡ್ರಾಯ್ಡ್ ಸ್ಟುಡಿಯೊ’ ಎಂಬ ಹೆಸರು, ಕೆಳಗೊಂದು ಇಮೇಲ್ ವಿಳಾಸ ಇರುತ್ತದೆಯಲ್ಲ, ಅದನ್ನು ಬದಲಿಸದೆ ಹಾಗೇ ಪ್ಲೇ ಸ್ಟೋರಿಗೆ ಬಿಟ್ಟವರನ್ನು ನಾನು ಕಂಡಿದ್ದೇನೆ. ನೀನು ಸದಸ್ಯರ ಹೆಸರು, ಸದಸ್ಯತ್ವ ಸಂಖ್ಯೆ, ಸಂಘದ ಹೆಸರು ಈ ಮೂರನ್ನು ಹಾಕು, ಎತ್ತರವನ್ನು ನೂರು ಡಿಪಿಯೊಳಗೆ ಇಳಿಸು. ಬಟವಾಡೆ ಮೊತ್ತವನ್ನೂ ಅಲ್ಲೇ ತೋರಿಸೋಣ ಎಂದು ನಿನಗೆ ಅನ್ನಿಸಬಹುದು. ಬೇಡ. ಹಳ್ಳಿಯ ಮನೆಗಳಲ್ಲಿ ಫೋನ್ ಒಬ್ಬರ ಕೈಯಲ್ಲಿ ಇರುವುದಿಲ್ಲ, ಎಷ್ಟು ಬಂತು ಎನ್ನುವುದನ್ನು ಯಾರಿಗೆ ಹೇಳಬೇಕು ಎಂದು ಮನೆಯೊಡತಿಯೇ ತೀರ್ಮಾನಿಸಲಿ.

ಈಗ ನಿನ್ನ ಮೂರು ಪ್ರಶ್ನೆ. ಗ್ರೇಡಿಯಂಟ್ ಬೇಕೆಂದರೆ ಶೇಪ್ ಡ್ರಾಯಬಲ್ ಬರೆದು ನ್ಯಾವಿಗೇಷನ್ ವ್ಯೂನ ಬ್ಯಾಕ್‌ಗ್ರೌಂಡ್‌ಗೆ ಕೊಡು. ಆದರೆ ಅಕ್ಷರ ಮತ್ತು ಹಿನ್ನೆಲೆಯ ನಡುವಿನ ಕಾಂಟ್ರಾಸ್ಟ್ 4.5ಕ್ಕೆ 1 ಇರಬೇಕೆನ್ನುವುದು ಎಲ್ಲರೂ ಒಪ್ಪಿದ ಅಳತೆ. ಗ್ರೇಡಿಯಂಟ್‌ನ ಮೇಲ್ತುದಿಯಲ್ಲಿ ಪಾಸಾಗುವ ಬಿಳಿ ಅಕ್ಷರ ಕೆಳತುದಿಯಲ್ಲಿ ಫೇಲಾಗಬಹುದು, ಎರಡೂ ಕಡೆ ಅಳೆ. ಗುಂಡು ಮೂಲೆಗೆ ಮಟೀರಿಯಲ್ ಲೈಬ್ರರಿಯಲ್ಲೇ ಡ್ರಾವರ್ ಲೇಔಟ್ ಕಾರ್ನರ್ ಸೈಜ್ ಎಂಬ ಗುಣವಿದೆ, ಒಂದು ಸಾಲು ಬರೆದರೆ ಮುಗಿಯಿತು. ಹಸುವಿನ ಫೋಟೊ ಹಾಕಲೇಬೇಕಾದರೆ ಕ್ಯಾಮೆರಾದಿಂದ ಬಂದ ದೊಡ್ಡ ಫೈಲ್ ತುರುಕಬೇಡ, ಅಳತೆಗೆ ಕತ್ತರಿಸಿ ವೆಬ್‌ಪಿ ಮಾಡಿ ಹಾಕು.

ಅಗಲದ ವಿಷಯ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೆನು ತೆರೆದಾಗ ಹಿಂದಿನ ಪುಟ ಒಂದು ಪಟ್ಟಿಯಷ್ಟಾದರೂ ಕಾಣಬೇಕು. ಅದನ್ನು ಒತ್ತಿದರೆ ಮೆನು ಮುಚ್ಚುತ್ತದೆ ಎನ್ನುವುದು ಜನರಿಗೆ ಹೇಳಿಕೊಡದೆ ಬಂದ ಅಭ್ಯಾಸ. ಹಳೆಯ ಮಟೀರಿಯಲ್ ನಿಯಮದಲ್ಲಿ ಆ ಪಟ್ಟಿಗೆ 56 ಡಿಪಿ. 360 ಡಿಪಿ ಅಗಲದ ಫೋನಿನಲ್ಲಿ ಅದನ್ನು ಕಳೆದರೆ 304 ಉಳಿಯುತ್ತದೆ. ಫ್ಲಟರ್‌ನ ಡ್ರಾವರ್ ತಾನಾಗಿ 304 ಅಗಲಕ್ಕೆ ನಿಲ್ಲುವುದು ನೋಡು.

ಇಷ್ಟೆಲ್ಲ ಇಂಗ್ಲಿಷ್ ಆ್ಯಪ್‌ಗೂ ಅನ್ವಯಿಸುವ ಮಾತು. ನಿನ್ನ ಆ್ಯಪ್ ಕನ್ನಡದ್ದು. ನಿಜವಾದ ಕೆಲಸ ಇರುವುದು ಇಲ್ಲಿ, ಇದರ ಬಗ್ಗೆ ಯಾವ ಟ್ಯುಟೋರಿಯಲ್‌ನಲ್ಲೂ ನಿನಗೆ ಸಿಕ್ಕಿರಲಾರದು.

2014ರ ಆಂಡ್ರಾಯ್ಡ್ 5.0ರಲ್ಲಿ ಫೋನನ್ನೇ ಕನ್ನಡಕ್ಕೆ ಬದಲಿಸುವ ಅನುಕೂಲ ಬಂತು. ಆದರೆ ಅಕ್ಷರ ಮೂಡುವುದು ಒಂದು, ಅಕ್ಷರಕ್ಕೆ ಜಾಗ ಸಿಗುವುದು ಇನ್ನೊಂದು. ಇಂಗ್ಲಿಷ್ ಅಕ್ಷರಗಳು ಒಂದು ಗೆರೆಯ ಮೇಲೆ ಕೂರುತ್ತವೆ, ಕೆಳಗಿಳಿಯುವುದು ಬಾಲದಷ್ಟು ಮಾತ್ರ. ಕನ್ನಡಕ್ಕೆ ಒತ್ತಕ್ಷರವಿದೆ. ‘ಸ್ತ್ರೀಶಕ್ತಿ’ ಎಂದು ಬರೆದು ನೋಡು, ತ-ರ ಎರಡೂ ಒತ್ತಾಗಿ ಇಳಿದಿರುತ್ತವೆ, ಮೇಲೆ ಗುಡಿಸು, ಪಕ್ಕದಲ್ಲಿ ಅದರ ದೀರ್ಘವೂ ಇದೆ. ಹೀಗಿರುವಾಗ ಅಕ್ಷರದ ಮೇಲೆ ಕೆಳಗಿನ ಜಾಗ ಕಡಿಮೆಯಾಗಲಿ ಎಂದು ಇನ್‌ಕ್ಲೂಡ್ ಫಾಂಟ್ ಪ್ಯಾಡಿಂಗ್ ಅನ್ನು ಫಾಲ್ಸ್ ಮಾಡಿದರೆ, ಹೆಡರ್‌ನ ಟೆಕ್ಸ್ಟ್ ವ್ಯೂಗೆ 20 ಡಿಪಿ ಎತ್ತರ ಗಟ್ಟಿಯಾಗಿ ಕಟ್ಟಿದರೆ, ಒತ್ತಿನ ಬುಡ ಕತ್ತರಿಸಿಹೋಗುತ್ತದೆ. ನಿನ್ನ ಹೆಡರ್‌ನಲ್ಲಿ ‘ಉತ್ಪಾದಕರ’ ಎಂಬಲ್ಲಿ ಪಕಾರದ ಒತ್ತು ಅರ್ಧಕ್ಕೇ ನಿಂತಿದೆ, ನೋಡಿದೆಯೋ ಇಲ್ಲವೋ. ಎತ್ತರ ಕಟ್ಟಬೇಡ, ಕನಿಷ್ಠ ಎತ್ತರ ಮಾತ್ರ ಹೇಳಿ ಉಳಿದದ್ದನ್ನು ರ‍್ಯಾಪ್ ಕಂಟೆಂಟ್‌ಗೆ ಬಿಡು.

ಇದಕ್ಕೆ ಸಂಬಂಧಿಸಿದ ಇನ್ನೊಂದು ಗುಣ ಎಲಿಗಂಟ್ ಟೆಕ್ಸ್ಟ್ ಹೈಟ್. ಎತ್ತರದ ಲಿಪಿಗಳನ್ನು ಅಮುಕದೆ, ಓದಲು ಹಿತವಾಗುವ ಅಳತೆಯಲ್ಲಿ ತೋರಿಸುವ ವ್ಯವಸ್ಥೆ ಅದು. ಮೊದಲು ಬೇಕೆಂದವರು ಬರೆದುಕೊಳ್ಳಬೇಕಿತ್ತು. ಆಂಡ್ರಾಯ್ಡ್ 15ನ್ನು ಗುರಿಯಾಗಿಟ್ಟ ಆ್ಯಪ್‌ಗಳಿಗೆ ಅದು ತಾನಾಗಿ ಚಾಲೂ ಆಗಿರುತ್ತದೆ, 16ರ ಗುರಿಯಿಟ್ಟರೆ ಆರಿಸುವ ದಾರಿಯೇ ಇಲ್ಲ. ಆ ಬದಲಾವಣೆ ತಟ್ಟುವ ಲಿಪಿಗಳ ಪಟ್ಟಿಯಲ್ಲಿ ತಮಿಳು, ತೆಲುಗು, ಮಲಯಾಳಂ, ಗುಜರಾತಿ, ಒಡಿಯಾ ಜೊತೆಗೆ ಕನ್ನಡವೂ ಇದೆ. ಅಂದರೆ ಟಾರ್ಗೆಟ್ ಎಸ್‌ಡಿಕೆ ಏರಿಸಿದ ದಿನ ನಿನ್ನ ಇಂಗ್ಲಿಷ್ ಮೆನು ಇದ್ದ ಹಾಗೇ ಇರುತ್ತದೆ, ಕನ್ನಡ ಮೆನುವಿನ ಸಾಲುಗಳು ಎತ್ತರದಲ್ಲಿ ಬದಲಾಗಬಹುದು. ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷೆ ಮಾಡುವವರ ಕಣ್ಣಿಗೆ ಇದು ಬೀಳುವುದಿಲ್ಲ.

ಉದ್ದದ ಪ್ರಶ್ನೆಯೂ ಇದೆ. ನ್ಯಾವಿಗೇಷನ್ ವ್ಯೂ ಒಂದು ಸಾಲಿಗೆ ಒಂದೇ ಗೆರೆ ಕೊಡುತ್ತದೆ; ಹಿಡಿಯದ ಮಾತಿನ ಕೊನೆ ಕಾಣದೆ ಹೋಗುತ್ತದೆ. ‘ಪಶು ವೈದ್ಯಕೀಯ ಸೇವೆಗಳ ಮಾಹಿತಿ’ ಎಂದು ನೀನು ಬರೆದದ್ದು ನನ್ನ ಫೋನಿನಲ್ಲಿ ಅರ್ಧದಲ್ಲೇ ನಿಂತಿತು. ಐಟಂ ಮ್ಯಾಕ್ಸ್ ಲೈನ್ಸ್ ಎರಡು ಮಾಡಿದರೆ ಮಡಚಿಕೊಳ್ಳುತ್ತದೆ, ನಿಜ. ಆದರೆ ಮೊದಲು ಮಾತನ್ನೇ ಚಿಕ್ಕದು ಮಾಡು. ಡೇರಿಯ ಮುಂದೆ ಕ್ಯಾನ್ ಹಿಡಿದು ನಿಂತವರು ಹಾಗೆ ಮಾತಾಡುವುದಿಲ್ಲ, ‘ಡಾಕ್ಟರು’ ಎನ್ನುತ್ತಾರೆ. ಸರ್ಕಾರಿ ಸುತ್ತೋಲೆಯ ಕನ್ನಡ ಮೆನುವಿಗೆ ಬೇಡ. ಹಾಗೆಯೇ ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಶೇಕಡಾ 200ರವರೆಗೆ ದೊಡ್ಡದು ಮಾಡಿಕೊಳ್ಳಬಹುದು. ಕನ್ನಡಕ ಮರೆತು ಬಂದ ಅಜ್ಜಂದಿರು ಅದನ್ನು ಬಳಸುತ್ತಾರೆ. ಆ ಗಾತ್ರದಲ್ಲಿ ಮೆನು ತೆರೆದು ನೋಡದೆ ಮುಗಿಯಿತು ಎನ್ನಬೇಡ.

ಮೂರುಗೆರೆ ಬಟನ್‌ಗೆ ಎರಡು ಸ್ಟ್ರಿಂಗ್ ಕೊಡಬೇಕಾಗುತ್ತದೆ, ತೆರೆಯುವುದಕ್ಕೊಂದು ಮುಚ್ಚುವುದಕ್ಕೊಂದು. ಅವು ಕಣ್ಣಿಗೆ ಕಾಣದ್ದರಿಂದ ಅನುವಾದ ಮಾಡುವಾಗ ಎಲ್ಲರೂ ಬಿಟ್ಟುಬಿಡುತ್ತಾರೆ. ಕಾಣದವರಿಗೆ ಟಾಕ್‌ಬ್ಯಾಕ್ ಓದಿ ಹೇಳುವುದು ಅವನ್ನೇ. ಇಡೀ ಆ್ಯಪ್ ಕನ್ನಡ ಮಾತಾಡುತ್ತಿರುವಾಗ ಬಾಗಿಲು ಮಾತ್ರ ಇಂಗ್ಲಿಷ್ ಮಾತಾಡಿದರೆ ಚೆನ್ನಾಗಿರುವುದಿಲ್ಲ.

ಅಂಚಿನ ಜಗಳ ಒಂದಿದೆ, ಚಿಕ್ಕದಾಗಿ ಹೇಳುತ್ತೇನೆ. 2019ರ ಆಂಡ್ರಾಯ್ಡ್ 10ರಿಂದ ಪರದೆಯ ಎಡ ಅಂಚಿನಿಂದ ಬೆರಳು ಎಳೆದರೆ ಹಿಂದಕ್ಕೆ ಹೋಗುತ್ತದೆ. ಡ್ರಾವರ್ ತೆರೆಯುವುದೂ ಅದೇ ಎಳೆತದಿಂದ. ಅಂಚಿನ ಒಂದಷ್ಟು ಭಾಗವನ್ನು ನಿನಗಾಗಿ ಕಾಯ್ದಿಟ್ಟುಕೊಳ್ಳಲು ಸಿಸ್ಟಂ ಬಿಡುತ್ತದೆ, ಒಂದೊಂದು ಬದಿಗೆ 200 ಡಿಪಿ ಮಿತಿ. ಆ ಗೊಡವೆಗೇ ಹೋಗಬೇಡ. ಹಿಂದಕ್ಕೆ ಹೋಗುವ ಎಳೆತ ಜನರ ಬೆರಳಿಗೆ ಕೂತುಹೋಗಿದೆ, ಡ್ರಾವರ್‌ಗೆ ಬಟನ್ ಇದೆಯಲ್ಲ. ಬ್ಯಾಕ್ ಒತ್ತಿದಾಗ ತೆರೆದ ಡ್ರಾವರ್ ಮುಚ್ಚಬೇಕು, ಆ್ಯಪ್ ಮುಚ್ಚಬಾರದು. ಅದಕ್ಕೆ ಹಳೆಯ ಪಾಠಗಳಲ್ಲಿರುವ ಆನ್ ಬ್ಯಾಕ್ ಪ್ರೆಸ್ಡ್ ನಕಲು ಮಾಡಬೇಡ, ಆಂಡ್ರಾಯ್ಡ್ 16ರ ಗುರಿಯಿಟ್ಟ ಆ್ಯಪ್‌ಗಳಲ್ಲಿ ಸಿಸ್ಟಂ ಅದನ್ನು ಕರೆಯುವುದೇ ಇಲ್ಲ. ಬ್ಯಾಕ್ ಡಿಸ್ಪ್ಯಾಚರ್ ಬಳಸು.

ಸಿದ್ಧ ನ್ಯಾವಿಗೇಷನ್ ವ್ಯೂ ಬಿಟ್ಟು ಎಲ್ಲವನ್ನೂ ಸ್ವಂತ ಬರೆಯುವುದು ಯಾವಾಗ ಎಂದೂ ನೀನು ಮುಂದೆ ಕೇಳುವೆ. ಡ್ರಾವರ್ ಲೇಔಟ್ ಒಳಗೆ ನಿನ್ನದೇ ರಿಸೈಕ್ಲರ್ ವ್ಯೂ ಕೂರಿಸಬಹುದು, ಯಾರೂ ತಡೆಯುವುದಿಲ್ಲ. ಸಾಲು ಒತ್ತಿದರೆ ಅದರ ಕೆಳಗೆ ಉಪಸಾಲುಗಳು ಬಿಚ್ಚಿಕೊಳ್ಳಬೇಕು, ಅಥವಾ ಪಟ್ಟಿ ಸರ್ವರ್‌ನಿಂದ ಬರಬೇಕು ಎಂದಾದರೆ ಆ ದಾರಿ ಸರಿ. ಸಾಲಿನ ಬಲಕ್ಕೆ ಒಂದು ಸಂಖ್ಯೆ ಹಾಕುವಷ್ಟಕ್ಕೆ ಬೇಡ, ಐಟಂಗೆ ಆ್ಯಕ್ಷನ್ ಲೇಔಟ್ ಕೊಟ್ಟರೆ ಆಗುತ್ತದೆ. ಸ್ವಂತ ಬರೆದ ದಿನದಿಂದ ಆಯ್ದ ಸಾಲಿನ ಗುರುತು, ಟಾಕ್‌ಬ್ಯಾಕ್, ಮೇಲಿನ ಸ್ಟೇಟಸ್ ಬಾರ್‌ನ ಜಾಗ ಎಲ್ಲವೂ ನಿನ್ನ ತಲೆಯ ಮೇಲೆ. ಹೊಸ ಆ್ಯಪ್ ಆಗಿದ್ದು ಕಂಪೋಸ್‌ನಲ್ಲಿ ಬರೆಯುತ್ತಿದ್ದರೆ ಮಾತು ಬೇರೆ, ಅಲ್ಲಿ ಡ್ರಾವರ್ ಶೀಟ್ ಒಳಗೆ ಏನು ಬೇಕಾದರೂ ಬರೆದುಕೊಳ್ಳಬಹುದು. ಇನ್ನು ಬಳಸುವವರೇ ಸಾಲುಗಳನ್ನು ಎಳೆದು ಮೇಲೆ ಕೆಳಗೆ ಮಾಡಿಕೊಳ್ಳಲಿ ಎಂಬ ಸವಲತ್ತು ಕೊಡುವ ಯೋಚನೆ ನಿನಗಿದೆಯಂತೆ. ಯಾವುದು ಮೊದಲು ಎಂದು ನೀನು ತೀರ್ಮಾನಿಸದೆ ಆ ಹೊರೆಯನ್ನು ಅವರ ಮೇಲೆ ಹೊರಿಸುವ ಕೆಲಸ ಅದು, ಬಿಟ್ಟುಬಿಡು.

ಮುಂದಿನ ಬಿಲ್ಡ್ ಮಾಡಿದಾಗ ಸಂಘದ ಕಾರ್ಯದರ್ಶಿಯ ಕೈಗೆ ಮೊದಲು ಕೊಡಬೇಡ, ಅವರು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಬೆಳಿಗ್ಗೆ ಹಾಲು ಹಾಕಲು ಬಂದ ಒಬ್ಬ ಹೆಂಗಸಿನ ಫೋನಿಗೆ ಹಾಕಿಕೊಟ್ಟು, ‘ಅಕ್ಕಾ, ಹೋದ ಬಟವಾಡೆ ಎಷ್ಟು ನೋಡಿ ಹೇಳಿ’ ಎಂದು ಕೇಳಿ ಸುಮ್ಮನೆ ನಿಲ್ಲು. ಬಾಯಿ ಹಾಕಬೇಡ, ಬೆರಳು ತೋರಿಸಬೇಡ. ಅವರು ಎಲ್ಲಿ ಒತ್ತಿದರು, ಎಲ್ಲಿ ತಡೆದರು ಎನ್ನುವುದನ್ನು ಬರೆದು ನನಗೆ ಕಳಿಸು.